ತನಿ ಹೊತ್ತಿಗೆ ರವೆ ದೋಸೆ

ರೈಲ್ವೆಯವರಿಗೂ ಡಿಸೆಂಬರಿನಲ್ಲಿ ಕಛೇರಿ ಏರ್ಪಡಿಸುವ ಚೆನ್ನೈನ ಸಂಗೀತ ಸಭೆಗಳಿಗೂ ಮಾತುಕತೆ ನಿಂತುಹೋಗಿದೆ ಅಂತ ಕಾಣುತ್ತೆ. ಟಿಕೆಟ್ ಬುಕಿಂಗ್ 60 ದಿನ ಮುಂಚೆಯೇ ಶುರು. ಅದರಲ್ಲೂ ಕ್ರಿಸ್‌ಮಸ್ ರಜೆಯ ವಾರವೆಂದರೆ ಬೆಂಗಳೂರಿನ ಶತಾಬ್ದಿ ನೋಡನೋಡುತ್ತಲೇ ಭರ್ತಿ. ಸಭೆಗಳ ಕಛೇರಿ ಪಟ್ಟಿಗಳೋ, ಹಸೆಮಣೆಗೆ ಹೊರಟ ಮದುಮಗಳ ಥರ, ತಮ್ಮ ಪಾಡಿಗೆ ನಿಧಾನವಾಗಿ ಒಂದೊಂದೇ ಹೊರಬರುತ್ತವೆ. ಯಾರ ಹಾಡು ಕೇಳುತ್ತೇವೆ ಅಂತ ಗೊತ್ತಾಗುವ ಮೊದಲೇ ಕೇಳಲು ಹೋಗುವ ದಿನ ಗೊತ್ತು ಮಾಡಬೇಕು.

ನಮ್ಮ ಭಾವ ಇದಕ್ಕೆಲ್ಲ ಹೆದರುವವರಲ್ಲ. ಬ್ಯಾಂಕಿನಿಂದ ರಿಟೈರ್ ಆದ ಮೇಲೆ ಅವರಿಗೆ ಲೆಕ್ಕ ಇಡಲು ಉಳಿದಿರುವುದು ಚೆನ್ನೈನ ಡಿಸೆಂಬರ್ ಸಂಗೀತ ಸೀಸನ್ ಒಂದೇ. ಕಂಪ್ಯೂಟರಿನಲ್ಲಿ ಬಣ್ಣ ಬಣ್ಣದ ಶೀಟ್ ಮಾಡಿಟ್ಟಿದ್ದಾರೆ. ಬೆಳಿಗ್ಗೆ ಮ್ಯೂಸಿಕ್ ಅಕಾಡೆಮಿಯ ಲೆಕ್ಚರು. ಮಧ್ಯಾಹ್ನ ಅದೇ ಟಿಟಿಕೆ ರಸ್ತೆಯ ನಾರದ ಗಾನ ಸಭಾ. ಸಂಜೆ ಟಿ. ನಗರಕ್ಕೆ ಓಟ, ಕೃಷ್ಣ ಗಾನ ಸಭಾ. ನಡುವೆ ಆಟೋದವರ ಜೊತೆ ಚೌಕಾಸಿಗೂ ಒಂದಿಷ್ಟು ಹೊತ್ತು ಮೀಸಲು.

"ಭಾವ, ರಾಮನವಮಿಗೆ ನಮ್ಮ ಚಾಮರಾಜಪೇಟೆಯ ಪೆಂಡಾಲಿಗೆ ಈ ಹಾಡುಗಾರರೆಲ್ಲ ಬಂದೇ ಬರ್ತಾರಲ್ವಾ? ಅಲ್ಲೇ ಕೇಳಬಹುದಲ್ಲ?" ಅಂದೆ.

"ನಿನಗೆ ಸೀಸನ್ ಅಂದ್ರೇನು ಅಂತ ಗೊತ್ತಿಲ್ಲ ಬಿಡು" ಅಂದರು.

ಗೊತ್ತಿಲ್ಲದೆ ಏನು. 1927ರ ಡಿಸೆಂಬರಿನಲ್ಲಿ ಮದರಾಸಿನಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿದಾಗ ಜೊತೆಗೆ ಒಂದು ಸಂಗೀತ ಸಮ್ಮೇಳನವೂ ನಡೆಯಿತು. ಮರುವರ್ಷ ಅಕಾಡೆಮಿ ಹುಟ್ಟಿತು. ಅಧಿವೇಶನದ ಗಾಳಿ ಅಲ್ಲಿ ಇನ್ನೂ ಇದೆ: ಗುಂಪು, ಗುಸುಗುಸು, ಯಾರಿಗೆ ಯಾವ ಹೊತ್ತು ಸಿಕ್ಕಿತು ಅನ್ನುವ ಚರ್ಚೆ. ಖಾದಿಯ ಬದಲು ಕಾಂಜೀವರಂ ಅಷ್ಟೇ.

ಶೀಟಿನಲ್ಲಿ 'ತನಿ' ಅಂತ ಒಂದು ಕಾಲಂ ಇತ್ತು. ತನಿ ಅಂದರೆ ಕಛೇರಿಯಲ್ಲಿ ತಾಳವಾದ್ಯದವರಷ್ಟೇ ನುಡಿಸುವ ಹೊತ್ತು. ಮೃದಂಗದವರ ಹೆಸರು ಇರುತ್ತದೆ ಅಂದುಕೊಂಡು ನೋಡಿದೆ. 'ರವೆ ದೋಸೆ, ಕಾಫಿ' ಅಂತ ಇತ್ತು.

ನನಗೆ ಮೈ ಉರಿಯಿತು. ಆ ಮೃದಂಗದವರು ಒಂದೂವರೆ ಗಂಟೆ ಹಾಡುವವರ ಮುಖ ನೋಡಿಕೊಂಡು ನುಡಿಸಿರುತ್ತಾರೆ. ತೋಡಿ ರಾಗವೋ ಶಂಕರಾಭರಣವೋ ಮುಗಿದು, ಅವರಿಗೆ ಅಂತ ಸಿಗುವುದು ತನಿ ಆವರ್ತನದ ಆ ಹತ್ತು ಹದಿನೈದು ನಿಮಿಷ. ಪಿಟೀಲಿನವರು ಕಮಾನು ಕೆಳಗಿಟ್ಟಿದ್ದೇ ತಡ, ಹಾಲಿನಲ್ಲಿ ಮಡಚುವ ಕುರ್ಚಿಗಳ ಟಪ್ ಟಪ್ ಶುರು. ಆ ಸದ್ದಿಗೆ ತಾಳವೂ ಇಲ್ಲ, ಲಯವೂ ಇಲ್ಲ.

ಒಂದು ಸಲ ಹಾಗೇ ಆಯಿತು. ಪಕ್ಕದಲ್ಲೊಬ್ಬರು ಹಿರಿಯರು ಅಲ್ಲಿಯವರೆಗೆ ತೊಡೆ ಕೆಂಪಾಗುವಷ್ಟು ತಾಳ ಹಾಕಿದ್ದರು. ತನಿ ಶುರುವಾಗುತ್ತಲೇ ಎದ್ದು, ಸೀಟಿನ ಮೇಲೆ ಕರ್ಚೀಫ್ ಹಾಸಿ, ನೋಡಿಕೊಳ್ಳಿ ಅಂತ ನನಗೆ ಸನ್ನೆ ಮಾಡಿದರು. ಅದನ್ನು ಕಂಡು ಅವರಾಚೆಯ ದಂಪತಿ ಒಂದು ಕನ್ನಡಕದ ಡಬ್ಬಿ, ಒಂದು ನೀರಿನ ಬಾಟಲಿ ಇಟ್ಟರು. ಹಿಂದಿನ ಸಾಲಿನ ಅಜ್ಜಿಗೂ ನನ್ನ ಮೇಲೆ ವಿಶ್ವಾಸ ಹುಟ್ಟಿತು. ಪೂರ್ತಿ ಸ್ವೆಟರೇ ಬಂತು. ಈಗ ನಾನು ರಸಿಕನಲ್ಲ, ಕಾವಲುಗಾರ. ತಡವಾಗಿ ಬಂದವರೆಲ್ಲ ಬಗ್ಗಿ "ಆಳ್ ಇರುಕ್ಕಾ?", ಇಲ್ಲಿ ಯಾರಾದರೂ ಇದ್ದಾರಾ, ಅಂತ ಕೇಳುವವರೇ. "ಇರುಕ್ಕು" ಅಂದೆ. ನನ್ನ ತಮಿಳು ಅಲ್ಲಿಗೆ ಮುಗಿಯುತ್ತದೆ. ಮೃದಂಗ ತಿಶ್ರಕ್ಕೆ ತಿರುಗಿತು, ಇರುಕ್ಕು. ಘಟ ಉತ್ತರ ಕೊಟ್ಟಿತು, ಇರುಕ್ಕು ಇರುಕ್ಕು. ಖಂಜಿರದವರು ಪಾಪ ಎರಡೇ ನಿಮಿಷದಲ್ಲಿ ಏನೋ ಅದ್ಭುತ ಮಾಡಿದರಂತೆ. ಆಗ ನಾನು ಸ್ವೆಟರಿನ ಮೇಲೆ ಕೂರಲು ಹೊರಟಿದ್ದ ಒಬ್ಬರನ್ನು ಎಬ್ಬಿಸುತ್ತಿದ್ದೆ. ಎಲ್ಲ ಮುಗಿದ ಮೇಲೆ ಹಿರಿಯರು ಸಾಂಬಾರಿನ ಘಮದೊಂದಿಗೆ ವಾಪಸ್ ಬಂದರು. ಕರ್ಚೀಫ್ ಎತ್ತಿಕೊಂಡು ಕೇಳಿದರು, "ತನಿ ಎಪ್ಪಡಿ?"

ಅವರಾದರೂ ಬಂದರು. ಎಷ್ಟೋ ಜನ ಬರುವುದೇ ಇಲ್ಲ. ದಾಸರ ಪದಕ್ಕೆ ಜಾಗ ಸಿಗುವುದು ಸಾಮಾನ್ಯವಾಗಿ ತನಿ ಆದಮೇಲೆ. ಸರಳೆ ವರಸೆಯಿಂದ ಎಲ್ಲರಿಗೂ ಪಾಠ ಶುರು ಮಾಡಿಸಿದ ಪುರಂದರದಾಸರು ಕೊನೆಗೆ ಅರ್ಧ ಖಾಲಿ ಹಾಲಿನಲ್ಲಿ ನಿಲ್ಲಬೇಕು. ಆಗ ಕೆಲವರ ಬಾಯಲ್ಲಿ ನಮ್ಮ ಮಹಾಪ್ರಾಣಗಳು ಪಡುವ ಪಾಡನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಭಾವ ನನ್ನ ಟಿಕೆಟ್ ಕ್ಯಾನ್ಸಲ್ ಮಾಡಿಯಾರು.

ಇಷ್ಟೆಲ್ಲ ಹೇಳಿದರೂ ಅವರು ದೋಸೆ ತೆಗೆಯಲು ಒಪ್ಪಲಿಲ್ಲ. ಪೊಂಗಲ್ ಮಾಡಬಹುದು, ಅದು ಬೇಗ ಬರುತ್ತೆ ಅಂದರು. ಅದೇ ಹೊತ್ತಿಗೆ ಒಳಗಿಂದ ಅಕ್ಕ ಬಂದಳು.

"ನಿಮ್ಮ ಸಭೆ ನಿಮಗಿರಲಿ. ನನಗೆ ಮೈಲಾಪುರದಲ್ಲಿ ರೂಮ್ ಮಾಡಿ ಸಾಕು. ಕಪಾಲೀಶ್ವರನ ಗುಡಿ ಸುತ್ತ ಮಾಡ ಬೀದಿಗಳಲ್ಲಿ ಮಾರ್ಗಳಿ ತಿಂಗಳ ಭಜನೆಗೆ ಹೋಗ್ತೀನಿ. ಕೀರ್ತನೆಗಳನ್ನು ರಚಿಸಿದ ಪಾಪನಾಶಂ ಶಿವನ್ ಹಾಡಿಕೊಂಡು ಸುತ್ತಿದ ಬೀದಿ ಅದು. ಟಿಕೆಟ್ ಇಲ್ಲ, ಕುರ್ಚಿ ಇಲ್ಲ. ಎದ್ದು ಹೋಗೋರೂ ಇಲ್ಲ, ಎಲ್ಲರೂ ನಡೀತಾನೇ ಇರ್ತಾರೆ."

"ಅದು ಎಷ್ಟು ಹೊತ್ತಿಗೆ?" ಅಂದರು ಭಾವ, ಹೊಸ ಕಾಲಂ ಸೇರಿಸುತ್ತಾ.

"ಬೆಳಕು ಹರಿಯೋ ಮುಂಚೆ."

"ಆಗ ಕ್ಯಾಂಟೀನ್ ತೆಗೆದಿರುತ್ತಾ?"