ವಾಕಿಂಗ್‌ಗೆ ಹೋಗಬೇಕೆ? ಗಾಡಿ ತೆಗೆಯಿರಿ

ಮೊನ್ನೆಯ ನಡಿಗೆ ಜಾಥಾದ ಫೋಟೋ ನೀವೂ ನೋಡಿರುತ್ತೀರಿ. ನಮ್ಮ ವಿಜಯಪುರದ ಎಲ್ಲ ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ಅದು ಓಡಾಡಿತು. ಜಾಥಾಕ್ಕಿಂತ ಫೋಟೋನೇ ಜಾಸ್ತಿ ದೂರ ಹೋಯಿತು ಅನ್ನಿ.

ಬಿಳಿ ಟೋಪಿ, ಬಿಳಿ ಟೀ ಶರ್ಟ್, ಎದೆಯ ಮೇಲೆ ‘ದಿನಕ್ಕೆ ಹತ್ತು ಸಾವಿರ ಹೆಜ್ಜೆ’. ಗಣ್ಯರು ಹಸಿರು ಬಾವುಟ ಬೀಸಿದರು. ನಾಲ್ಕು ಹೆಜ್ಜೆ ಹಾಕಿದರು. ಕ್ಯಾಮೆರಾ ಕೆಳಗಿಳಿದ ಕೂಡಲೇ ಕಾರು ಹತ್ತಿದರು. ಬಾಕಿ ಒಂಬತ್ತು ಸಾವಿರದ ಒಂಬೈನೂರ ತೊಂಬತ್ತಾರು ಹೆಜ್ಜೆಗಳನ್ನು ಊರಿನ ಜನರಿಗೆ ಬಿಟ್ಟುಕೊಟ್ಟರು. ಇಂಥ ತ್ಯಾಗ ಎಲ್ಲಿ ಸಿಗುತ್ತದೆ ಹೇಳಿ.

ಆ ಕಾರುಗಳು ಎಲ್ಲಿ ನಿಂತಿದ್ದವು ಅಂತ ಫೋಟೋದ ಮೂಲೆಯಲ್ಲಿ ನೋಡಿ. ಫುಟ್‌ಪಾತ್ ಮೇಲೆ. ಹಾಗಾಗಿ ಆರೋಗ್ಯಕ್ಕಾಗಿ ನಡೆಯುವವರು ನಡುರಸ್ತೆಯಲ್ಲಿ ನಡೆದರು. ಮುಂದೊಂದು ಪೊಲೀಸ್ ಜೀಪು, ಹಿಂದೊಂದು ಆಂಬುಲೆನ್ಸ್. ನಿಜ ಹೇಳಬೇಕೆಂದರೆ ನಮ್ಮೂರಿನಲ್ಲಿ ನಡೆಯೋಕೆ ಬೇಕಾದದ್ದು ಅಷ್ಟೇ. ಮುಂದೊಂದು ಜೀಪು, ಹಿಂದೊಂದು ಆಂಬುಲೆನ್ಸ್ ಕೊಟ್ಟರೆ ನಾನೂ ದಿನಾ ನಡೆದೇ ಹೋಗಿ ಮೊಸರು ತರುತ್ತೇನೆ.

ಈ ಹತ್ತು ಸಾವಿರದ ಲೆಕ್ಕ ಯಾವ ಡಾಕ್ಟರೂ ಚೀಟಿ ಬರೆದು ಕೊಟ್ಟದ್ದಲ್ಲ. 1964ರಲ್ಲಿ ಟೋಕಿಯೊ ಒಲಿಂಪಿಕ್ಸ್ ಆಯಿತು. ಮರುವರ್ಷ ಜಪಾನಿನ ಕಂಪನಿಯೊಂದು ಸೊಂಟಕ್ಕೆ ಕಟ್ಟಿಕೊಂಡು ಹೆಜ್ಜೆ ಎಣಿಸುವ ಯಂತ್ರ ಮಾರಾಟಕ್ಕಿಟ್ಟಿತು. ಅದರ ಹೆಸರಿನಲ್ಲೇ ಹತ್ತು ಸಾವಿರ ಇತ್ತು. ಆ ಜಾಹೀರಾತು ಈಗ ವಿಜಯಪುರದ ಟೀ ಶರ್ಟ್ ಮೇಲೆ ಬಂದು ಕೂತಿದೆ. ಟೋಕಿಯೊದಿಂದ ಇಲ್ಲಿವರೆಗೆ ಬರಲು ಅದಕ್ಕೆ ದಾರಿ ಸಿಕ್ಕಿತು, ನಮಗೆ ಗಾಂಧಿ ಚೌಕ ದಾಟೋಕೆ ಸಿಗುತ್ತಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಹೆಜ್ಜೆ ಎಣಿಸುವುದಿಲ್ಲ. ದೊಡ್ಡವರು ವಾರಕ್ಕೆ ಕಮ್ಮಿ ಅಂದರೂ 150 ನಿಮಿಷ ಬೆವರು ಬರುವ ಹಾಗೆ ಮೈ ಬಗ್ಗಿಸಿ ಅನ್ನುತ್ತದೆ. ನಮ್ಮ ದೇಶದ ದೊಡ್ಡವರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಮಂದಿ ಅಷ್ಟೂ ಮಾಡುವುದಿಲ್ಲ ಅಂತ 2022ರ ಲೆಕ್ಕ ಹೇಳಿತು. ಗಂಡಸರಲ್ಲಿ ಶೇ 42, ಹೆಂಗಸರಲ್ಲಿ ಶೇ 57. ಇದು ಹೊರಬಿದ್ದ ಮೇಲೆ ಶುರುವಾಯಿತು ನೋಡಿ ಉಪದೇಶ. ಜನ ಸೋಮಾರಿಗಳಾಗಿದ್ದಾರೆ, ಮೊಬೈಲ್ ಹಿಡಿದು ಕೂತುಬಿಟ್ಟಿದ್ದಾರೆ, ಹಿಂದಿನವರು ಎಷ್ಟು ಗಟ್ಟಿ ಇದ್ದರು. ಭಾಷಣ ಮಾಡಿದವರು ಮಾತ್ರ ಲಿಫ್ಟ್‌ನಲ್ಲಿ ಇಳಿದು ಬಂದಿದ್ದರು.

ಸೋಮಾರಿತನ ಅಂತೀರಲ್ಲ, ನಮ್ಮ ಹೊಸ ಲೇಔಟ್‌ಗಳಿಗೆ ಒಮ್ಮೆ ಬನ್ನಿ. ಇಲ್ಲಿ ನಡೆಯೋಕೆ ಕಾಲಿಗಿಂತ ಜಾಸ್ತಿ ಧೈರ್ಯ ಬೇಕು. ಧೈರ್ಯ ಮಾಡಿ ಹೊರಟರೂ ಯಾರೂ ಬಿಡುವುದಿಲ್ಲ. ನಾನು ಮನೆಯಿಂದ ಹೊರಬಿದ್ದು ತಿರುವು ದಾಟುವಷ್ಟರಲ್ಲಿ ಹಿಂದಿನಿಂದ ಪಕ್ಕದ ಓಣಿಯ ಹುಡುಗ ಬೈಕ್ ನಿಲ್ಲಿಸುತ್ತಾನೆ.

“ಯಾಕ್ರೀ ಸರ್, ಗಾಡಿ ಪಂಚರ್ ಆತೇನು?”

“ಇಲ್ಲಪಾ, ಸುಮ್ನ ನಡಕೋತ ಹೊಂಟೀನಿ.”

“ಸುಮ್ನ ಅಂದ್ರ? ಶುಗರ್ ಬಂದೈತೇನ್ರಿ?”

“ಶುಗರ್ ಇಲ್ಲಪಾ. ಕೋತಂಬರಿ ತರಾಕ.”

“ಕೋತಂಬರಿ ತರಾಕ ನಡಕೋತ? ಹತ್ರಿ ಸರ್, ಹತ್ರಿ. ಯಾರರೆ ನೋಡಿದ್ರ ಏನಂತಾರ?”

ಏನಂತಾರ ಅಂದರೆ, ಗಾಡಿಯ ಕಂತು ಕಟ್ಟದ್ದಕ್ಕೆ ಫೈನಾನ್ಸ್‌ನವರು ಎಳೆದುಕೊಂಡು ಹೋಗಿದ್ದಾರೆ ಅಂತಾರೆ. ಸಂಜೆಯೊಳಗೆ ಓಣಿ ತುಂಬ ಸುದ್ದಿ. ಮರುದಿನ ಎದುರು ಮನೆಯ ಅಕ್ಕ ಗೇಟಿನ ಹತ್ತಿರ ನಿಲ್ಲಿಸಿ, “ಮನ್ಯಾಗ ಎಲ್ಲಾ ಆರಾಮ ಅದಾರಲ್ರಿ?” ಅಂತ ದನಿ ತಗ್ಗಿಸಿ ಕೇಳುತ್ತಾರೆ. ಟ್ರ್ಯಾಕ್ ಪ್ಯಾಂಟ್, ಬೂಟು ಹಾಕಿಕೊಂಡು ಹೋದರೆ ಮಾತ್ರ ಮರ್ಯಾದೆ. ಬೂಟು ಇದ್ದರೆ ವಾಕಿಂಗು, ಚಪ್ಪಲಿ ಇದ್ದರೆ ಬಡತನ. ಕೈಯಲ್ಲಿ ಚೀಲ ಇದ್ದರಂತೂ ಕೇಳಲೇಬೇಡಿ.

ಆದ್ದರಿಂದ ನಾವೆಲ್ಲ ಬುದ್ಧಿವಂತರಾಗಿದ್ದೇವೆ. ಬೆಳಿಗ್ಗೆ ಗೋಳಗುಮ್ಮಟದ ಹೊರಗೆ ನಿಂತು ನೋಡಿ. ಸಾಲುಸಾಲು ಬೈಕು, ಸ್ಕೂಟಿ, ನಡುವೆ ಕಾರು. ಊರಿನ ಆ ತುದಿಯಿಂದ ಗಾಡಿ ಹೊಡೆದುಕೊಂಡು ಬಂದು, ಒಳಗೆ ನಾಲ್ಕು ಸುತ್ತು ನಡೆದು, ಹೊರಗೆ ಚಹಾ ಕುಡಿದು, ಮತ್ತೆ ಗಾಡಿ ಹತ್ತಿ ಮನೆಗೆ. ತಪ್ಪೇನಿಲ್ಲ. ನೆರಳು, ಹುಲ್ಲು, ಸಮತಟ್ಟಾದ ನೆಲ ಇರುವುದು ಅಲ್ಲಿ. ಬದುಕಿದ್ದವರಿಗೆ ಇಲ್ಲದ ಸೌಲಭ್ಯ ಗೋರಿಗೆ ಇದೆ, ಹೋಗುತ್ತೇವೆ. ಇನ್ನೂ ಬೆವರಬೇಕು ಅನ್ನಿಸಿದರೆ ಮೂಲೆಯ ಮಿನಾರಿನೊಳಗಿನ ಮೆಟ್ಟಿಲು ಹತ್ತಬಹುದು. ಏಳು ಅಂತಸ್ತು. 1656ರ ಹೊತ್ತಿಗೆ ಕಟ್ಟಿ ಮುಗಿಸಿದ್ದು. ಯಾವ ಓಪನ್ ಜಿಮ್ಮೂ ಅಷ್ಟು ದಿನ ಬಾಳಿಕೆ ಬಂದಿಲ್ಲ. ನಮ್ಮ ಪಾರ್ಕಿನ ಜಿಮ್ಮಿಗೆ ಬಣ್ಣ ಹೋಗುವ ಮೊದಲೇ ಪೆಡಲ್ ಹೋಗಿತ್ತು. ಈಗ ಅದರ ಮೇಲೆ ಯಾರೋ ಲುಂಗಿ ಒಣಹಾಕುತ್ತಾರೆ.

ಇನ್ನು ಫುಟ್‌ಪಾತ್. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅಂತ ಒಂದು ಸಂಸ್ಥೆ ಇದೆ, ದೇಶದ ರಸ್ತೆ ಹೇಗಿರಬೇಕು ಅಂತ ಬರೆಯುತ್ತದೆ. ಅದರ 2012ರ ಪುಸ್ತಕದ ಪ್ರಕಾರ ಅಡೆತಡೆ ಇಲ್ಲದ ಜಾಗ ಕನಿಷ್ಠ 1.8 ಮೀಟರ್ ಅಗಲ ಇರಬೇಕು. ಎತ್ತರ 150 ಮಿಲಿಮೀಟರ್ ಮೀರಬಾರದು. ಅಂದರೆ ಒಂದು ಗೇಣಿಗೂ ಕಮ್ಮಿ. ನಮ್ಮಲ್ಲಿ ಕೆಲವು ಕಡೆ ಅದು ಮೊಣಕಾಲಿಗೆ ಬರುತ್ತದೆ. ಹತ್ತಿದರೆ ಟ್ರಾನ್ಸ್‌ಫಾರ್ಮರ್, ಇಳಿದರೆ ಗಟಾರ. ಮತ್ತೆ ಹತ್ತಿದರೆ ಯಾರದೋ ಮನೆಯ ಕಾರು ಏರಲು ಮಾಡಿದ ಇಳಿಜಾರು. ಆಮೇಲೆ ಒಂದು ಫ್ಲೆಕ್ಸ್, ಅದರಲ್ಲಿ ಕೈ ಮುಗಿದು ನಿಂತ ಹುಟ್ಟುಹಬ್ಬದ ನಾಯಕರು. ಅವರ ಕೆಳಗೆ ಹದಿನೆಂಟು ಮಂದಿ ಅಭಿಮಾನಿಗಳ ಪಾಸ್‌ಪೋರ್ಟ್ ಫೋಟೋ. ಅಷ್ಟು ಜನರನ್ನು ದಾಟಿ ಹೋಗುವ ಧೈರ್ಯ ಯಾರಿಗಿದೆ? ರಸ್ತೆಗೆ ಇಳಿಯುತ್ತೇವೆ.

ತಳ್ಳುಗಾಡಿಯವರನ್ನು ಬೈಯುವುದು ಸುಲಭ, ನಾನು ಬೈಯುವುದಿಲ್ಲ. ಬಾಳೆಹಣ್ಣಿನ ಗಾಡಿ ಇದ್ದರೆ ಅಲ್ಲಿ ಜನ ಇರುತ್ತಾರೆ, ಕತ್ತಲಾದ ಮೇಲೆ ಬೆಳಕಿರುತ್ತದೆ. ಆ ಕಾರಣಕ್ಕೇ ಹೆಣ್ಣುಮಕ್ಕಳು ಆ ದಾರಿಯಲ್ಲಿ ಬರುತ್ತಾರೆ. ಗಾಡಿ ಎತ್ತಿಸಿ ಖಾಲಿ ಮಾಡಿದ ಜಾಗದಲ್ಲಿ ಮರುದಿನ ಬಿಳಿ ಕಾರು ನಿಂತಿರುತ್ತದೆ. ಅದನ್ನು ಎತ್ತಿಸುವವರು ಯಾರೂ ಇಲ್ಲ.

2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಫುಟ್‌ಪಾತ್ ಬಳಸುವ ಹಕ್ಕು ಸಂವಿಧಾನದ 21ನೇ ವಿಧಿಯೊಳಗೇ ಬರುತ್ತದೆ ಅಂದಿತು. ಬದುಕುವ ಹಕ್ಕಿನ ಭಾಗ. ಸುಮ್ನೆ ದೊಡ್ಡ ಮಾತು ಅಂದುಕೊಳ್ಳಬೇಡಿ. 2022 ಒಂದೇ ವರ್ಷದಲ್ಲಿ ಈ ದೇಶದ ರಸ್ತೆಗಳಲ್ಲಿ 32,825 ಪಾದಚಾರಿಗಳು ಸತ್ತರು. ಅವರಲ್ಲಿ ಎಷ್ಟೋ ಜನ ಹಾಲು ತರಲು ಹೋದವರು, ಬಸ್ಸಿಗೆ ಹೋದವರು, ಸಾಲಿಯಿಂದ ಬರುತ್ತಿದ್ದವರು ಇರಬೇಕು. ಅವರ ಎದೆಯ ಮೇಲೆ ಯಾವ ಘೋಷಣೆಯೂ ಇರಲಿಲ್ಲ. ಸುಸ್ತಾಗುತ್ತದೆ ಇದನ್ನೆಲ್ಲ ಬರೆಯೋಕೆ. ನಗಿಸಲು ಕೂತವನಿಗೆ ಇಲ್ಲಿ ನಗು ಬರುವುದಿಲ್ಲ.

ಆ ಶೇ 57ರ ಹೆಂಗಸರ ವಿಷಯಕ್ಕೆ ಬರೋಣ. ಅವರು ನಡೆಯುವುದಿಲ್ಲ ಅಂದವರು ಯಾರು? ಸಂಜೆ ಏಳರ ಮೇಲೆ ತಲೆ ಎತ್ತಿ ಮಾಳಿಗೆ ನೋಡಿ. ಪ್ರತಿ ಮಾಳಿಗೆಯ ಮೇಲೂ ಒಬ್ಬರು ಗೋಡೆಯಿಂದ ಗೋಡೆಗೆ, ನೀರಿನ ಟ್ಯಾಂಕಿನ ಸುತ್ತ, ಹಗ್ಗಕ್ಕೆ ಹಾಕಿದ ಬಟ್ಟೆಯ ಕೆಳಗೆ ಬಗ್ಗಿ ಸುತ್ತುತ್ತಿರುತ್ತಾರೆ. ಕೆಳಗೆ ಮೂವತ್ತು ಅಡಿ ರಸ್ತೆ ಖಾಲಿ ಬಿದ್ದಿದೆ. ಆದರೆ ದೀಪ ಉರಿಯುವುದಿಲ್ಲ, ನಾಯಿಗಳು ಬಿಡುವುದಿಲ್ಲ, ತಿರುವಿನಲ್ಲಿ ಬೈಕಿನ ಮೇಲೆ ಕೂತ ಹುಡುಗರು ಏಳುವುದಿಲ್ಲ. ಪಾರ್ಕಿಗೆ ಹೋಗೋಣ ಅಂದರೆ ಅದಕ್ಕೆ ಬೀಗ. ಯಾಕೆ ಬೀಗ? ಜನ ಬಂದರೆ ಪಾರ್ಕು ಹಾಳಾಗುತ್ತದಂತೆ.

ಲೇಔಟ್ ಮಾರುವಾಗಿನ ಕರಪತ್ರ ನೆನಪಿದೆಯಾ? ‘ಎನ್.ಎ. ಪ್ಲಾಟ್, ಪ್ರೈಮ್ ಲೊಕೇಶನ್, ಬಸ್ ಸ್ಟ್ಯಾಂಡಿನಿಂದ ಹತ್ತೇ ನಿಮಿಷ.’ ಯಾವುದರ ಮೇಲೆ ಹತ್ತು ನಿಮಿಷ ಅಂತ ಬರೆದಿರುವುದಿಲ್ಲ. ನಕ್ಷೆಯಲ್ಲಿ ಹಸಿರು ಬಣ್ಣದ ಚೌಕ ಇತ್ತಲ್ಲ, ಅದು ಗಾರ್ಡನ್. ಈಗಲೂ ಹಸಿರಾಗಿಯೇ ಇದೆ, ತುಂಬ ಜಾಲಿಕಂಟಿ. ಕಿರಾಣಿ ಅಂಗಡಿ ಇಲ್ಲ, ಗಿರಣಿ ಇಲ್ಲ, ಟಂಟಂ ಒಳಗೆ ಬರುವುದಿಲ್ಲ. ಬೇಸಿಗೆಯಲ್ಲಿ ನಲವತ್ತು ದಾಟುವ ಊರಿನಲ್ಲಿ ಒಂದು ಬೇವಿನ ಮರ ಇಲ್ಲ. ಇದ್ದದ್ದನ್ನು ಪ್ಲಾಟ್ ಮಾಡುವಾಗ ಕಡಿದರು. ಒಂದು ಸಿವುಡು ಕೋತಂಬರಿಗೆ ಪೆಟ್ರೋಲ್ ಸುಡಬೇಕು.

ಕೋಟೆಯ ಒಳಗಿನ ಹಳೆ ಊರಿನಲ್ಲಿ ಯಾರೂ ವ್ಯಾಯಾಮ ಮಾಡುತ್ತಿರಲಿಲ್ಲ. ಗಿರಣಿಗೆ ಹೋಗುತ್ತಿದ್ದರು, ಗುಡಿಗೆ ಹೋಗುತ್ತಿದ್ದರು, ಸಂಜೆ ಸಿದ್ಧೇಶ್ವರ ಗುಡಿ ಕಡೆ ಹೋಗಿ ಬರುತ್ತಿದ್ದರು. ಮೈ ತಾನಾಗೇ ಬಗ್ಗುತ್ತಿತ್ತು. ಹಳೆಯದೆಲ್ಲ ಚೆನ್ನಾಗಿತ್ತು ಅಂತ ನಾನು ಹೇಳುತ್ತಿಲ್ಲ, ಅಲ್ಲಿನ ಗಟಾರದ ವಾಸನೆ ನನಗೂ ಗೊತ್ತು. ಆದರೆ ಬೇಕಾದದ್ದೆಲ್ಲ ಕಾಲಿಗೆ ಸಿಗುವಷ್ಟು ದೂರದಲ್ಲಿತ್ತು. 2016ರಲ್ಲಿ ಹೊರಬಂದ ಒಂದು ಅಧ್ಯಯನದವರು ಹತ್ತು ದೇಶಗಳ 14 ನಗರಗಳಲ್ಲಿ ಇದನ್ನೇ ಅಳೆದು ನೋಡಿದ್ದರು. ಮನೆಗಳು ಒತ್ತೊತ್ತಾಗಿದ್ದು, ಓಣಿಗಳು ಒಂದಕ್ಕೊಂದು ಕೂಡಿಕೊಂಡು, ಬಸ್ಸು ಮತ್ತು ಪಾರ್ಕು ಹತ್ತಿರ ಇದ್ದರೆ, ಅಲ್ಲಿನ ಜನ ಉಳಿದವರಿಗಿಂತ ವಾರಕ್ಕೆ 68ರಿಂದ 89 ನಿಮಿಷ ಜಾಸ್ತಿ ಚಟುವಟಿಕೆಯಿಂದಿದ್ದರು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ 150 ನಿಮಿಷದಲ್ಲಿ ಹತ್ತಿರ ಹತ್ತಿರ ಅರ್ಧ, ಟೀ ಶರ್ಟ್ ಇಲ್ಲದೆ, ಬಾವುಟ ಇಲ್ಲದೆ.

ಸೈಕಲ್ ತುಳಿಯಬಹುದಲ್ಲ ಅಂತೀರಾ? ಅದೂ ಒಂದು ಚಂದದ ಕಥೆ. ವಿಜಯಪುರ, ಬಾಗಲಕೋಟೆ ಅಂದರೆ ರಾಜ್ಯಕ್ಕೆ ಸೈಕ್ಲಿಸ್ಟ್‌ಗಳನ್ನು ಕೊಡುವ ಸೀಮೆ. ತುಳಸಿಗೇರಿಯಂಥ ಹಳ್ಳಿಯ ಹುಡುಗರು ರಾಷ್ಟ್ರಮಟ್ಟದಲ್ಲಿ ಪದಕ ತರುತ್ತಾರೆ. ಅಭ್ಯಾಸ ಎಲ್ಲಿ? ಹೆದ್ದಾರಿಯಲ್ಲಿ, ಕಬ್ಬಿನ ಟ್ರ್ಯಾಕ್ಟರ್ ಪಕ್ಕದಲ್ಲಿ. ಅವರಿಗಾಗಿ ಇಲ್ಲಿ ಶುರುವಾದ ವೆಲೋಡ್ರೋಮ್, ಅಂದರೆ ಸೈಕಲ್ ರೇಸಿನ ಟ್ರ್ಯಾಕ್, ಕಟ್ಟುವ ಕೆಲಸ ವರ್ಷಗಟ್ಟಲೆ ಎಳೆಯಿತು. ನಮ್ಮೂರಿನ ಬಾರಾಕಮಾನು ಅನ್ನುವ ಗೋರಿ ಕಟ್ಟಿಸುತ್ತಿದ್ದ ದೊರೆ ಎರಡನೇ ಅಲಿ ಆದಿಲ್‌ಶಾಹ 1672ರಲ್ಲಿ ತೀರಿಕೊಂಡ, ಹಾಗಾಗಿ ಅದು ಅರ್ಧಕ್ಕೆ ನಿಂತಿತು. ಈಗಿನವರೆಲ್ಲ ದೇವರ ದಯೆಯಿಂದ ಗಟ್ಟಿಮುಟ್ಟಾಗಿಯೇ ಇದ್ದಾರೆ.

ನಮ್ಮ ಲೇಔಟ್‌ಗೂ ಪಕ್ಕದ ಲೇಔಟ್‌ಗೂ ನಡುವೆ ಒಂದು ಕಂಪೌಂಡ್ ಗೋಡೆ ಇದೆ. ಇಬ್ಬರು ಮಾಲೀಕರು, ಇಬ್ಬರದೂ ಬೇರೆ ನಕ್ಷೆ, ಒಂದು ರಸ್ತೆ ಇನ್ನೊಂದಕ್ಕೆ ಕೂಡುವುದಿಲ್ಲ. ಗೋಡೆಯ ಆಚೆ ಸಾಲಿ. ಗಂಟೆ ಹೊಡೆದದ್ದು ನಮ್ಮ ಅಡುಗೆಮನೆಗೆ ಕೇಳುತ್ತದೆ. ಆದರೆ ಮಕ್ಕಳು ಮುಖ್ಯರಸ್ತೆಗೆ ಬಂದು, ಲಾರಿಗಳ ನಡುವೆ ಸುತ್ತು ಹಾಕಿ ಹೋಗಬೇಕು. ಹಾಗಾಗಿ ಎಲ್ಲರೂ ಬೈಕಿನಲ್ಲಿ ಬಿಟ್ಟು ಬರುತ್ತಾರೆ, ಒಂದೊಂದು ಬೈಕಿಗೆ ಮೂರು ಮಕ್ಕಳು. ಯಾರೋ ಪುಣ್ಯಾತ್ಮರು ಒಂದು ರಾತ್ರಿ ಆ ಗೋಡೆಯಲ್ಲಿ ಒಬ್ಬರು ನುಸುಳುವಷ್ಟು ಕಿಂಡಿ ಮಾಡಿದರು. ಮಕ್ಕಳು ಅದರಲ್ಲೇ ಹೋಗಿಬರತೊಡಗಿದರು. ಅಜ್ಜಂದಿರು ಸಂಜೆ ಆ ಕಡೆ ಹೋಗಿ ಕೂತು ಬರತೊಡಗಿದರು. ಕೋತಂಬರಿಯೂ ಸಿಗತೊಡಗಿತು.

ವಾರದೊಳಗೆ ಇಟ್ಟಿಗೆ ಬಂತು, ಸಿಮೆಂಟ್ ಬಂತು, ಗೌಂಡಿ ಬಂದ. ಕಿಂಡಿ ಮುಚ್ಚಿ, ಗಿಲಾವು ಮಾಡಿ, ಮೇಲೆ ಗಾಜಿನ ಚೂರು ನೆಟ್ಟು ಹೋದ. ನಮ್ಮ ಲೇಔಟ್‌ನಲ್ಲಿ ಹೇಳಿದ ಟೈಮಿಗೆ ಮುಗಿದ ಕೆಲಸ ನಾನು ನೋಡಿದ್ದು ಅದೊಂದೇ.