ಬುಧವಾರ ಹೊರಟರೆ ಕೊಚ್ಚಿ

ನಮ್ಮ ಕಡೆ ತೋಟದ ಮನೆಗಳಲ್ಲಿ ಕೊಚ್ಚಿ ಅಂದರೆ ಮೊದಲು ನೆನಪಾಗುವುದು ರೇಟು. ಊರು ಆಮೇಲೆ. "ಕೊಚ್ಚಿ ಎಷ್ಟಂತೆ ಇವತ್ತು?" ಎಂದು ಯಾರಾದರೂ ಬೇಲಿಯಾಚೆಯಿಂದ ಕೂಗಿದರೆ ಕೇಳುತ್ತಿರುವುದು ಕಾಳುಮೆಣಸಿನ ಬೆಲೆ. ಬೆಳಿಗ್ಗೆ ಪೇಪರ್ ಬಂದ ಕೂಡಲೇ ನಮ್ಮ ಮಾವ ನೇರ ಪೇಟೆ ಧಾರಣೆಗೆ ಹೋಗುತ್ತಾರೆ. ಅನ್‌ಗಾರ್ಬಲ್ಡ್ ಎಷ್ಟು, ಗಾರ್ಬಲ್ಡ್ ಎಷ್ಟು ಎಂದು ಬೆರಳಿಟ್ಟು ಓದುತ್ತಾರೆ. ಕಣದಿಂದ ಬಾಚಿ ಚೀಲಕ್ಕೆ ತುಂಬಿದ್ದಕ್ಕೆ ಒಂದು ದರ, ಹಸನು ಮಾಡಿದ್ದಕ್ಕೆ ಇನ್ನೊಂದು. ಪೇಟೆಯ ವ್ಯಾಪಾರಿ ಹೇಳಿದ ಬೆಲೆಯನ್ನು ಮನಸ್ಸಿನಲ್ಲೇ ಅದರ ಪಕ್ಕ ಇಟ್ಟು ನೋಡುತ್ತಾರೆ. ಸರಿ ಬರದಿದ್ದರೆ ಚೀಲ ಗೋಡೌನಿನಲ್ಲೇ ಉಳಿಯುತ್ತದೆ. ಮನೆಗೆ ಸುಣ್ಣಬಣ್ಣ ಯಾವಾಗ, ಹೊಸ ಫ್ರಿಜ್ ಯಾವಾಗ ಎಂಬುದನ್ನೆಲ್ಲ ಇಷ್ಟು ವರ್ಷ ತೀರ್ಮಾನ ಮಾಡಿದ ಊರನ್ನು ನಮ್ಮ ಮನೆಯ ಒಬ್ಬರೂ ನೋಡಿಲ್ಲ.

ಮಗಳು ಮಂಗಳೂರಿನಲ್ಲಿ ಓದುತ್ತಾಳೆ. "ಎರಡು ದಿನ ಎಲ್ಲಾದರೂ ಹೋಗೋಣ, ದೊಡ್ಡ ಊರಾಗಿರಬೇಕು, ಸಮುದ್ರ ಇರಬೇಕು" ಎಂದಳು. ನಮ್ಮನೆಯವರು ಮುಂಬೈ ಅಂದರು. ಎರಡು ದಿನಕ್ಕೆ ಮುಂಬೈ ಯಾವ ಮೂಲೆಗೆ? ನಾನು ಹಾಗೆ ಹೇಳುವ ಮೊದಲೇ ಪೇಪರಿನ ಹಿಂದಿನಿಂದ ಮಾತು ಬಂತು: "ಕೊಚ್ಚಿ ಆದರೆ ನಾನೂ ಬರ್ತೀನಿ." ಮದುವೆ, ತಿಥಿ ಬಿಟ್ಟರೆ ಮಾವ ತೋಟ ಬಿಟ್ಟು ಹೊರಟವರಲ್ಲ. ಮುಂಬೈ ಕಥೆ ಅಲ್ಲಿಗೆ ಮುಗಿಯಿತು.

ಪಕ್ಕದ ತೋಟದ ಗೌಡರಿಗೆ ಇದು ತಮಾಷೆ. "ಬಂದರು ನೋಡೋಕೆ ಅಷ್ಟು ದೂರ ಯಾಕ್ರೀ? ಚಾರ್ಮಾಡಿ ಇಳಿದು ಮಂಗಳೂರಿಗೆ ಹೋದ್ರೆ ಪಣಂಬೂರು. ನಮ್ಮ ಕಾಫಿ ಹಡಗು ಹತ್ತೋದೂ ಅಲ್ಲೇ" ಎಂದರು. ಮಾತು ನಿಜ. ಆದರೆ ಪಣಂಬೂರಿನ ಬಂದರು ಕಾಂಪೌಂಡಿನ ಒಳಗಿದೆ. ನಮ್ಮಂಥವರಿಗೆ ಕಾಣುವುದು ಗೇಟು, ಲಾರಿ ಸಾಲು, ಬೀಚಿನಿಂದ ದೂರದಲ್ಲೊಂದು ಹಡಗು. ಕೊಚ್ಚಿಯಲ್ಲಿ ಬಂದರು ಊರಿನ ನಡುವೆಯೇ ಇದೆ. ಹಡಗು ಬರುವ ದಾರಿಯಲ್ಲೇ ಜನ ದೋಣಿ ಹತ್ತಿ ಆಫೀಸಿಗೆ, ಕಾಲೇಜಿಗೆ ಹೋಗುತ್ತಾರೆ.

ಮಗಳು ಮೊಬೈಲಿನಲ್ಲಿ ಮ್ಯಾಪ್ ತೆಗೆದು ಎಲ್ಲರಿಗೂ ತೋರಿಸಿದಳು. ಈ ಕಡೆ ಎರ್ನಾಕುಲಂ, ಆ ಕಡೆ ಫೋರ್ಟ್ ಕೊಚ್ಚಿ, ಮಟ್ಟಾಂಚೇರಿ. ಮೇಲೆ ವೈಪಿನ್, ನಡುವೆ ವಿಲ್ಲಿಂಗ್ಡನ್ ದ್ವೀಪ. ಎಲ್ಲದರ ಮಧ್ಯೆ ನೀರು. ಅತ್ತೆ ಕನ್ನಡಕ ಸರಿಮಾಡಿಕೊಂಡು ನೋಡಿ, "ಇದೇನು, ನೆರೆ ಬಂದ ಗದ್ದೆ ಇದ್ದ ಹಾಗಿದೆಯಲ್ಲ" ಎಂದರು. ಅವರು ಹೇಳಿದ್ದು ತೀರಾ ಸುಳ್ಳೂ ಅಲ್ಲ. 1341ರಲ್ಲಿ ಪೆರಿಯಾರ್ ನದಿಗೆ ಬಂದ ದೊಡ್ಡ ನೆರೆಯಿಂದ ಹಳೆಯ ಮುಜಿರಿಸ್ ಬಂದರು ಹೂಳು ತುಂಬಿ ಹಾಳಾಯಿತು, ಕೊಚ್ಚಿಯ ಅಳಿವೆ ತೆರೆದುಕೊಂಡಿತು ಎಂಬುದು ಅಲ್ಲಿನವರು ಹೇಳಿಕೊಂಡು ಬಂದ ಚರಿತ್ರೆ. ಅಳಿವೆಯ ಬಾಯಲ್ಲಿ ಮರಳು ದಿಬ್ಬ ಅಡ್ಡ ಇದ್ದದ್ದರಿಂದ ದೊಡ್ಡ ಹಡಗುಗಳು ಹೊರಗೇ ನಿಲ್ಲಬೇಕಿತ್ತು. ರಾಬರ್ಟ್ ಬ್ರಿಸ್ಟೋ ಎಂಬ ಇಂಜಿನಿಯರ್ 1920ರಲ್ಲಿ ಬಂದು ಆ ದಿಬ್ಬ ಕಡಿಸಿದ. 1928ರ ಹೊತ್ತಿಗೆ ದೊಡ್ಡ ಹಡಗು ಒಳಗೆ ಬಂತು. ಎತ್ತಿದ ಹೂಳನ್ನು ಸುಮ್ನೆ ಎಸೆಯಲಿಲ್ಲ. ಅದನ್ನೇ ಗುಡ್ಡೆ ಹಾಕಿ ಒಂದು ದ್ವೀಪ ಮಾಡಿದರು. ಅದೇ ವಿಲ್ಲಿಂಗ್ಡನ್ ದ್ವೀಪ. ಬಂದರು, ನೌಕಾನೆಲೆ ಎಲ್ಲ ಅದರ ಮೇಲೆ. ಕೆರೆ ಹೂಳೆತ್ತಿಸಿ ಮಣ್ಣು ಎಲ್ಲಿ ಹಾಕುವುದೆಂದು ತಲೆಕೆಡಿಸಿಕೊಂಡಿರುವ ನಮ್ಮನೆಯವರಿಗೆ ಇದೊಂದು ಸಂಗತಿ ಬಹಳ ಹಿಡಿಸಿತು.

ಊರು ಗೊತ್ತಾಯಿತು. ಯಾವಾಗ ಹೋಗುವುದು? ತೋಟದವರ ಮನೆಯಲ್ಲಿ ನಿಜವಾದ ಜಗಳ ಶುರುವಾಗುವುದೇ ಇಲ್ಲಿಂದ. ನವೆಂಬರಿಗೆ ಅರೇಬಿಕಾ ಹಣ್ಣು. ಅದು ಮುಗಿಯುವಷ್ಟರಲ್ಲಿ ರೋಬಸ್ಟಾ. ಕಣದಲ್ಲಿ ಕಾಫಿ ಒಣಗುತ್ತಿರುವಾಗಲೇ ಮೆಣಸು ಕೊಯ್ಲು, ಏಣಿ ಹತ್ತುವವರನ್ನು ಹುಡುಕಿಕೊಂಡು ಬರುವ ಕೆಲಸ. ಮಾರ್ಚಿಗೆ ಕಾಫಿ ಹೂ ಅರಳಿಸುವ ಹೂ ಮಳೆ ಬಂತೋ ಇಲ್ಲವೋ ಎಂದು ಆಕಾಶ ನೋಡಬೇಕು, ಬರದಿದ್ದರೆ ಸ್ಪ್ರಿಂಕ್ಲರ್ ಎಳೆಯಬೇಕು. ಏಪ್ರಿಲ್, ಮೇ ತಿಂಗಳ ಕೊಚ್ಚಿಯ ಸೆಕೆ ಮಲೆನಾಡಿನವರಿಗೆ ಆಗುವಂಥದ್ದಲ್ಲ. ಜೂನಿನಿಂದ ಮಳೆ, ಔಷಧಿ ಹೊಡೆಯುವುದು, ನೆರಳಿನ ಮರದ ಕೊಂಬೆ ತೆಗೆಸುವುದು. ಹೀಗೆ ತಿಂಗಳು ತಿಂಗಳು ಅಳಿಸುತ್ತಾ ಹೋಗಿ ಕೊನೆಗೆ ಉಳಿದದ್ದು ದಸರಾ ಕಳೆದು ದೀಪಾವಳಿಗೆ ಮುಂಚಿನ ಸಣ್ಣ ಸಂದಿ. ಆಗ ಕೇರಳದಲ್ಲಿ ತುಲಾವರ್ಷ, ಅಂದರೆ ಹಿಂಗಾರು, ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರಬಹುದು. ಮಳೆಗೆ ನಾವು ಹೆದರುತ್ತೇವಾ? ಕೊಡೆ ಹಿಡಿದುಕೊಂಡು ಹೋದರಾಯಿತು.

ತಿಂಗಳು ಸಿಕ್ಕಿತು, ವಾರ ಸಿಗಲಿಲ್ಲ. ಮಟ್ಟಾಂಚೇರಿ ಅರಮನೆಗೆ ಶುಕ್ರವಾರ ರಜೆ. ಅಲ್ಲೇ ಹತ್ತಿರದ ಯಹೂದಿಗಳ ಮಂದಿರ ಶನಿವಾರ ಬಾಗಿಲು ಹಾಕುತ್ತದೆ. ಭಾನುವಾರ ಬೆಳಿಗ್ಗೆ ಸಂತ ಫ್ರಾನ್ಸಿಸ್ ಚರ್ಚಿನಲ್ಲಿ ಪ್ರಾರ್ಥನೆ. ತ್ರಿಪ್ಪುಣಿತ್ತುರದ ಹಿಲ್ ಪ್ಯಾಲೇಸಿಗೆ ಸೋಮವಾರ ರಜೆ. ಎರಡು ಧರ್ಮ, ಎರಡು ಅರಮನೆ ಸೇರಿ ವಾರವನ್ನು ಚೆನ್ನಾಗಿ ಹಂಚಿಕೊಂಡಿವೆ. ಉಳಿದದ್ದು ಮಂಗಳವಾರದಿಂದ ಗುರುವಾರ. ಮಂಗಳವಾರ ಮನೆ ಬಿಟ್ಟು ಹೊರಡಬಾರದು ಎಂದರು ಅತ್ತೆ. ಶನಿವಾರ ಬಟವಾಡೆಗೆ ಮನೆಯಲ್ಲಿರಲೇಬೇಕು ಎಂದರು ಮಾವ. ಹಾಗಾಗಿ ಬುಧವಾರ ಹೊರಡುವುದು, ಗುರುವಾರ ಅರಮನೆ ಮತ್ತು ಯಹೂದಿ ಮಂದಿರ ಮುಗಿಸುವುದು, ಶುಕ್ರವಾರ ನೀರಿನ ಮೇಲೆ ಓಡಾಡುವುದು, ರಾತ್ರಿ ರೈಲು, ಶನಿವಾರ ಬಟವಾಡೆ. ಪಂಚಾಂಗ ಬರೆಯುವವರಿಗೂ ಇಷ್ಟು ಕಷ್ಟ ಇರಲಾರದು.

ಇನ್ನು ಯಾರಿಗೆ ಏನು ನೋಡಬೇಕು ಎಂಬ ವಿಚಾರ. ಮಗಳಿಗೆ ಚೀನಾ ಬಲೆ. ಅದರ ವಿಡಿಯೋವನ್ನು ಅವಳ ಜೊತೆ ಕೂತು ನಾನೂ ನೋಡಿದೆ. ದಡದಲ್ಲಿ ತೇಗದ ಉದ್ದನೆಯ ತೊಲೆಗಳು ನೀರಿನತ್ತ ಬಾಗಿ ನಿಂತಿವೆ. ತುದಿಯಲ್ಲಿ ಮನೆಯಷ್ಟಗಲದ ಬಲೆ. ಈ ಕಡೆ ಹಗ್ಗಕ್ಕೆ ಕಟ್ಟಿದ ದಪ್ಪ ಕಲ್ಲುಗಳು ಮೇಲಿಂದ ಕೆಳಗೆ ಜೋತು ಬಿದ್ದಿವೆ. ಒಬ್ಬ ತೊಲೆಯ ಮೇಲೆ ನಡೆದುಕೊಂಡು ಹೋದರೆ ಅವನ ಭಾರಕ್ಕೇ ಬಲೆ ನೀರಿಗಿಳಿಯುತ್ತದೆ. ಆಮೇಲೆ ನಾಲ್ಕೈದು ಜನ ಹಗ್ಗ ಜಗ್ಗಿದರೆ ಕಲ್ಲುಗಳು ಒಂದೊಂದಾಗಿ ನೆಲ ಮುಟ್ಟುತ್ತವೆ, ಬಲೆ ಏಳುತ್ತದೆ. ಮೋಟಾರಿಲ್ಲ, ಡೀಸೆಲ್ ಇಲ್ಲ. ಅಷ್ಟೆಲ್ಲ ಮಾಡಿ ವಿಡಿಯೋದಲ್ಲಿ ಸಿಕ್ಕಿದ್ದು ಒಂದು ಹಿಡಿ ಮೀನು. ಆ ಮೀನನ್ನು ಅಲ್ಲೇ ಕೊಂಡು ಪಕ್ಕದ ಅಂಗಡಿಯಲ್ಲಿ ಹುರಿಸಿಕೊಂಡು ತಿನ್ನಬಹುದಂತೆ. ನಮ್ಮನೆಯವರ ಪಟ್ಟಿ ಅದೊಂದರಲ್ಲೇ ಮುಗಿಯಿತು.

ಮಾವನ ಪಟ್ಟಿ ಬೇರೆ. ಕೊಚ್ಚಿಯ ಮೆಣಸು ವ್ಯಾಪಾರಿಗಳ ಸಂಘ 1957ರದ್ದು, ಮಟ್ಟಾಂಚೇರಿಯ ಜ್ಯೂ ಟೌನಿನಲ್ಲಿದೆ. ಒಂದು ಕಾಲಕ್ಕೆ ಅಲ್ಲಿ ವ್ಯಾಪಾರಿಗಳು ಒಟ್ಟಿಗೆ ನಿಂತು ಕೂಗಿ ಕೂಗಿ ಮುಂದಿನ ತಿಂಗಳುಗಳ ಮೆಣಸಿನ ವ್ಯಾಪಾರ ಮಾಡುತ್ತಿದ್ದರು. ಕೂಗಾಟ ನಿಂತು ಕಂಪ್ಯೂಟರ್ ಬಂದು ಎಷ್ಟೋ ವರ್ಷ ಆಯಿತು. ಆದರೂ ಆ ಜಾಗ ನೋಡಬೇಕು ಎನ್ನುತ್ತಾರೆ. ಈಚೆಗೆ ದೇಶದಲ್ಲಿ ಕೇರಳಕ್ಕಿಂತ ಜಾಸ್ತಿ ಮೆಣಸು ಬೆಳೆಯುವುದು ಕರ್ನಾಟಕ. ನಮ್ಮ ಚಿಕ್ಕಮಗಳೂರು ಜಿಲ್ಲೆ, ಕೊಡಗು, ಹಾಸನದ್ದೇ ಹೆಚ್ಚು ಪಾಲು. ಬೆಳೆಯುವವರು ನಾವು, ದರ ಕೇಳುವುದು ಕೊಚ್ಚಿಯನ್ನು! ಈ ಸಿಟ್ಟು ಮಾವನಿಗೆ ಬಹಳ ದಿನದ್ದು. ಅಲ್ಲಿ ಹೋಗಿ ಯಾರ ಹತ್ತಿರ ಜಗಳ ಆಡುತ್ತಾರೋ ನೋಡಬೇಕು. ಅದೂ ಅಲ್ಲದೆ, ನಮ್ಮ ತೋಟದ ಒಳ್ಳೆ ಫಸಲಿನ ಬಳ್ಳಿ ಪನ್ನಿಯೂರು-1. 1971ರಲ್ಲಿ ಕಣ್ಣೂರು ಜಿಲ್ಲೆಯ ಪನ್ನಿಯೂರು ಕೇಂದ್ರದಿಂದ ಬಂದ ತಳಿ. ಅಂದರೆ ಬಳ್ಳಿಯೂ ಅವರದ್ದೇ. ಇದನ್ನು ನಾನು ಮಾವನಿಗೆ ನೆನಪು ಮಾಡಲು ಹೋಗಲಿಲ್ಲ.

ವಾಸ್ಕೋ ಡ ಗಾಮನ ವಿಚಾರ ಹೇಳಿದಾಗ ಮಾತ್ರ ಅವರು ಪೇಪರ್ ಕೆಳಗಿಟ್ಟರು. 1498ರಲ್ಲಿ ಮೊದಲ ಸಲ ಕಲ್ಲಿಕೋಟೆ ಹತ್ತಿರ ಬಂದವನು, ಮೂರನೆಯ ಸಲ ಬಂದಾಗ 1524ರ ಡಿಸೆಂಬರಿನಲ್ಲಿ ಕೊಚ್ಚಿಯಲ್ಲೇ ಸತ್ತ. ಹೂಳಿದ್ದು ಸಂತ ಫ್ರಾನ್ಸಿಸ್ ಚರ್ಚಿನಲ್ಲಿ. ಸುಮಾರು ಹದಿನಾಲ್ಕು ವರ್ಷದ ಮೇಲೆ ಅವನ ಮೂಳೆಗಳನ್ನು ಪೋರ್ಚುಗಲ್ಲಿಗೆ ಒಯ್ದರು. ಸಮಾಧಿ ಕಲ್ಲು ಇನ್ನೂ ಇದೆ. "ಮೆಣಸಿಗೋಸ್ಕರ ಅಷ್ಟು ದೂರದಿಂದ ಬಂದಿದ್ನಾ? ಅವನಿಗೆ ಯಾವ ರೇಟಿಗೆ ಕೊಟ್ಟರಂತೆ?" ಎಂದು ಕೇಳಿದರು ಮಾವ. ಮಗಳು ಹುಡುಕುತ್ತೇನೆ ಎಂದಿದ್ದಾಳೆ.

ನನ್ನದು ಒಂದೇ ಆಸೆ, ದೋಣಿ. ಎರಡು ದಿನಕ್ಕೆ ಹತ್ತು ಜಾಗ ಬರೆದುಕೊಂಡು ಓಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಕೊಚ್ಚಿಯಂಥ ಊರನ್ನು ರಸ್ತೆಯ ಮೇಲಿಂದ ನೋಡಿದರೆ ಸಿಗ್ನಲ್ಲು, ಬಟ್ಟೆ ಅಂಗಡಿ ಅಷ್ಟೇ ಕಾಣುವುದು, ಅದಕ್ಕೆ ಬೆಂಗಳೂರೇ ಸಾಕು. ನೀರಿನ ಮೇಲಿಂದ ನೋಡಬೇಕು. 2023ರಿಂದ ಅಲ್ಲಿ ವಾಟರ್ ಮೆಟ್ರೋ ಓಡುತ್ತಿದೆ. ಬ್ಯಾಟರಿಯ ದೋಣಿ, ಒಳಗೆ ಎಸಿ, ಅಲ್ಲಿನ ಹಡಗುಕಟ್ಟೆಯಲ್ಲೇ ಕಟ್ಟಿದ್ದು. 2022ರಲ್ಲಿ ನೌಕಾಪಡೆಗೆ ಸೇರಿದ ವಿಕ್ರಾಂತ್ ಎಂಬ ವಿಮಾನ ಹೊರುವ ಹಡಗು ಕಟ್ಟಿದ್ದೂ ಅದೇ ಕಟ್ಟೆ. ಸರ್ಕಾರದ ಹಳೆಯ ದೋಣಿಗಳೂ ಇವೆ. ಕೆಲವೇ ರೂಪಾಯಿ ಟಿಕೆಟ್, ಕಿಟಕಿಗೆ ಗಾಜಿಲ್ಲ. ನಾನು ಹತ್ತುವುದು ಅದನ್ನೇ. ಎರ್ನಾಕುಲಂ ಜೆಟ್ಟಿಯಿಂದ ಫೋರ್ಟ್ ಕೊಚ್ಚಿಗೆ, ಅಲ್ಲಿಂದ ವಾಪಸ್, ಬೇಕಾದರೆ ಮತ್ತೊಂದು ಸಲ. ಅತ್ತೆಗೆ ನೀರು ಅಂದರೆ ಭಯ. ಹೇಮಾವತಿಯನ್ನು ಸೇತುವೆ ಮೇಲೆ ದಾಟುವಾಗಲೂ ಕಣ್ಣು ಮುಚ್ಚುವವರು. "ದಡದಲ್ಲೇ ಇರ್ತೀನಿ, ನೀವು ಹೋಗಿ ಬನ್ನಿ" ಎನ್ನುತ್ತಿದ್ದಾರೆ. ಆ ಊರಲ್ಲಿ ದಡ ಅಂದರೆ ಯಾವ ದಡ ಎಂದು ಅವರಿಗೆ ಇನ್ನೂ ಹೇಳಬೇಕು.

ಸಂಜೆ ಮಂಗಳೂರಿನಿಂದ ಮಲಬಾರ್ ಎಕ್ಸ್‌ಪ್ರೆಸ್ ಇದೆ, ಕತ್ತಲಿರುವಾಗಲೇ ಎರ್ನಾಕುಲಂ ಟೌನ್‌ನಲ್ಲಿ ಇಳಿಸುತ್ತದೆ. ಜನ ಅದಕ್ಕೆ ನಾರ್ತ್ ಸ್ಟೇಷನ್ ಎನ್ನುತ್ತಾರೆ. ಸೌತ್ ಎನ್ನುವುದು ಜಂಕ್ಷನ್. ರೂಮು ಯಾವುದರ ಹತ್ತಿರ ಎಂದು ನೋಡಿಯೇ ಟಿಕೆಟ್ ಮಾಡಬೇಕು. ಚಾರ್ಮಾಡಿ ತಿರುವಿಗೆ ನಿಂಬೆಹಣ್ಣು, ರೈಲಿಗೆ ಅಕ್ಕಿ ರೊಟ್ಟಿ, ಕಾಯಿ ಚಟ್ನಿ. ಅಲ್ಲಿನ ಅಪ್ಪಂ, ಪುಟ್ಟು, ಕುಚ್ಚಲಕ್ಕಿ ಅನ್ನ ಎಲ್ಲ ನಮಗೆ ಆಗುತ್ತದೆ. ಕಾಫಿ ಮಾತ್ರ ನಂಬುವಂತಿಲ್ಲ, ಕೇರಳ ಚಹಾದವರ ನಾಡು. ಪುಡಿ, ಫಿಲ್ಟರ್ ಚೀಲಕ್ಕೆ ಹೋಗಿ ಆಗಿದೆ.

ದನ, ನಾಯಿ ನೋಡಿಕೊಳ್ಳಲು ಪಕ್ಕದ ತೋಟದ ಗೌಡರು ಒಪ್ಪಿದ್ದಾರೆ. ಸುಮ್ನೆ ಅಲ್ಲ, ಕಲ್ಲಿಕೋಟೆ ಹಲ್ವಾ ಬೇಕಂತೆ. ಕಪ್ಪನೆಯದಲ್ಲ, ಕೆಂಪನೆಯದು. ರೈಲು ಕಲ್ಲಿಕೋಟೆ ಮುಟ್ಟುವಾಗ ರಾತ್ರಿ ಆಗಿರುತ್ತದೆ, ನಿಲ್ಲುವುದು ಕೆಲವೇ ನಿಮಿಷ. ಪ್ಲಾಟ್‌ಫಾರ್ಮಿಗೆ ಇಳಿದು ತರುವವರು ಯಾರು ಎಂದು ಈಗ ಚರ್ಚೆ ನಡೆದಿದೆ. ಮಾವ ತಾನೇ ಇಳಿಯುತ್ತೇನೆ ಎನ್ನುತ್ತಾರೆ. ಇಳಿದರೆ ಚೌಕಾಸಿ ಮಾಡದೆ ಹತ್ತುವವರಲ್ಲ, ಅದಕ್ಕೇ ಅತ್ತೆ ಬೇಡ ಎನ್ನುತ್ತಿದ್ದಾರೆ.