ಜಿಲ್ಲಾ ಪ್ರಾಣಿಯ ದರ್ಶನದ ಸಮಯ

2023ರಲ್ಲಿ ಕಾಸರಗೋಡು ಜಿಲ್ಲೆಗೆ ಸ್ವಂತ ಪ್ರಾಣಿ, ಪಕ್ಷಿ, ಮರ, ಹೂವು ಎಲ್ಲ ಘೋಷಣೆಯಾದವು. ಇಂಥ ಕೆಲಸ ಮಾಡಿದ ದೇಶದ ಮೊದಲ ಜಿಲ್ಲೆ ನಮ್ಮದಂತೆ. ಜ್ವರ ಜೋರಾದರೆ ಮಂಗಳೂರಿನ ಆಸ್ಪತ್ರೆಗೆ ಓಡುವ ನಮಗೆ ಆಮೆಯ ವಿಷಯದಲ್ಲಾದರೂ ಮೊದಲ ಸ್ಥಾನ ಸಿಕ್ಕಿತಲ್ಲ ಎಂದು ಸಂತೋಷಪಟ್ಟೆವು.

ಹೌದು, ಆಮೆಯೇ ಜಿಲ್ಲಾ ಪ್ರಾಣಿ. ಸಾಮಾನ್ಯ ಆಮೆಯಲ್ಲ, ಮಲಯಾಳದಲ್ಲಿ ಪಾಲಪ್ಪೂವನ್ ಎನ್ನುವ ಮೆದುಚಿಪ್ಪಿನ ದೈತ್ಯ. ಕೊಡಗಿನ ಬೆಟ್ಟದಲ್ಲಿ ಹುಟ್ಟಿ, ಸುಳ್ಯ ದಾಟಿ ಬರುವ ಪಯಸ್ವಿನಿ ನಮ್ಮಲ್ಲಿ ಚಂದ್ರಗಿರಿಯಾಗುತ್ತದಲ್ಲ, ಆ ಹೊಳೆಯೇ ಇದರ ಮನೆ. ಜಗತ್ತಿನಲ್ಲೇ ಅಳಿವಿನ ಅಂಚಿಗೆ ಬಂದಿರುವ ಜೀವಿ. ಇದರ ದಿನಚರಿಯನ್ನು ಓದಿದಾಗ ಆಯ್ಕೆ ಸಮಿತಿಯ ಬಗ್ಗೆ ಗೌರವ ಹೆಚ್ಚಾಯಿತು. ಬದುಕಿನ ಬಹುಪಾಲು ಹೊಯ್ಗೆಯೊಳಗೆ, ಅಂದರೆ ಮರಳಿನೊಳಗೆ, ಹೂತುಕೊಂಡು ಅಲುಗಾಡದೆ ಇರುವುದು. ದಿನಕ್ಕೆ ಎರಡೇ ಸಲ ಮೇಲೆ ಬಂದು ಉಸಿರು ತೆಗೆದುಕೊಂಡು ಮತ್ತೆ ಕೆಳಗೆ ಹೋಗುವುದು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಪಂಚಿಂಗ್ ಮೆಶಿನಿನ ಹತ್ತಿರ ಮಾತ್ರ ಕಾಣಸಿಗುವ ನೌಕರರ ಹಾಗೆ. ಆಡಳಿತಕ್ಕೆ ಇದಕ್ಕಿಂತ ಒಪ್ಪುವ ಪ್ರಾಣಿ ಬೇರೆ ಯಾವುದಿದೆ ಮಾರಾಯ್ರೇ?

ತೊಂದರೆ ಒಂದೇ. ಆಮೆ ಹೂತುಕೊಳ್ಳಲಿಕ್ಕೆ ಹೊಯ್ಗೆ ಬೇಕು, ಮೊಟ್ಟೆ ಇಡಲಿಕ್ಕೂ ಹೊಯ್ಗೆ ದಿಬ್ಬವೇ ಬೇಕು. ಹೊಯ್ಗೆ ಟಿಪ್ಪರಿಗೂ ಬೇಕು. ಆಮೆ ಹಗಲು ಅಡಗಿರುತ್ತದೆ, ಟಿಪ್ಪರೂ ಹಗಲು ಅಡಗಿರುತ್ತದೆ. ಎರಡೂ ಅಷ್ಟೇ ನಾಚಿಕೆಯ ಸ್ವಭಾವದವು, ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಅಳಿವಿನ ಅಂಚಿನಲ್ಲಿರುವುದು ಒಂದೇ. ಹೊಳೆಗೆ ಸರಕಾರವೇ ಹೊಯ್ಗೆ ಹಾಕಿದ ಕಾಲವೂ ಇತ್ತೆನ್ನಿ. ಕಾಸರಗೋಡು ಪೇಟೆಗೆ ಕುಡಿಯುವ ನೀರು ಹೋಗುವ ಬಾವಿಕ್ಕರೆಯಲ್ಲಿ ಉಪ್ಪುನೀರು ಮೇಲೆ ಬಾರದಂತೆ ಬೇಸಿಗೆ ಬೇಸಿಗೆಗೂ ಗೋಣಿಯಲ್ಲಿ ಹೊಯ್ಗೆ ತುಂಬಿಸಿ ತಡೆ ಕಟ್ಟುತ್ತಿದ್ದರು. ಅದು ಕೊಚ್ಚಿ ಹೋಗುತ್ತಿತ್ತು, ಪೇಟೆಯವರು ಉಪ್ಪುನೀರಿನಲ್ಲೇ ಚಾ ಮಾಡಿ ಕುಡಿಯುತ್ತಿದ್ದರು.

ಈಗ ಎಲ್ಲರ ಬಾಯಲ್ಲೂ ಪ್ರಕೃತಿ ಪ್ರವಾಸೋದ್ಯಮ. ಹೊಳೆಬದಿಯ ಯಾವ ಊರಿಗೆ ಹೋದರೂ ಒಂದು ಯೋಜನೆ ತಯಾರಿರುತ್ತದೆ. ಅದರ ಸ್ವರೂಪ ಹೇಳುತ್ತೇನೆ. ಮೊದಲು ಕಾಡು ಕಾಣಬೇಕಲ್ಲ ಎಂದು ಅಡ್ಡ ನಿಂತ ನಾಲ್ಕು ಮರ ಕಡಿಯುವುದು. ಆಮೇಲೆ ಕೂರಲಿಕ್ಕೆ ನೆರಳು ಬೇಕಲ್ಲ ಎಂದು ಸಿಮೆಂಟಿನ ಅಣಬೆ ನಿಲ್ಲಿಸುವುದು. ಮರದ ದಿಮ್ಮಿಯಂತೆ ಬಣ್ಣ ಬಳಿದ ಸಿಮೆಂಟ್ ಬೆಂಚು, ಅದಕ್ಕೆ ಗೆದ್ದಲು ಹಿಡಿಯುವುದಿಲ್ಲವೆಂಬ ಹೆಮ್ಮೆ. ಈ ಸಿಮೆಂಟಿಗೆ ಬೆರೆಸಿದ ಹೊಯ್ಗೆ ಎಲ್ಲಿಂದ ಬಂತೆಂದು ಕೇಳಬಾರದು, ಉದ್ಘಾಟನೆಯ ದಿನ ಅಪಶಕುನ. ಪಕ್ಕದಲ್ಲಿ ಪ್ರಕೃತಿಯನ್ನು ಉಳಿಸಿ ಎಂಬ ಬೋರ್ಡು, ಮಲಯಾಳದಲ್ಲಿ ಮತ್ತು ಇಂಗ್ಲಿಷಿನಲ್ಲಿ. ಕನ್ನಡಿಗರು ಹೇಗೂ ಉಳಿಸುತ್ತಾರೆ ಎಂಬ ನಂಬಿಕೆ ಇರಬೇಕು.

ನಡುವೆ ಕಯಾಕಿಂಗ್. ನಮ್ಮ ಮೇಲಿನ ಊರುಗಳ ಹೊಳೆಗಳಲ್ಲಿ ಮಾರ್ಚಿಗೆ ಕಾಲು ಒದ್ದೆಯಾಗುವಷ್ಟು ನೀರು ಇದ್ದರೆ ಪುಣ್ಯ. ಅದಕ್ಕೇ ಹಿರಿಯರು ಮಳೆ ನಿಂತ ಮೇಲೆ ಕಲ್ಲು, ಮಣ್ಣು ಹಾಕಿ ಕಟ್ಟ ಕಟ್ಟುತ್ತಿದ್ದದ್ದು. ಏತಡ್ಕದ ಕಡೆ ಈಗಲೂ ಕಟ್ಟುತ್ತಾರೆ. ಕಟ್ಟದಿಂದ ಸುತ್ತಲಿನ ಬಾವಿ, ತೋಟ ತಂಪಾಗುತ್ತದೆ, ಅಷ್ಟೇ. ಸೆಲ್ಫಿಗೆ ಏನೂ ಪ್ರಯೋಜನವಿಲ್ಲ. ಹಾಗಾಗಿ ಅನುದಾನ ದೋಣಿಗೆ. ನೀರಿಲ್ಲದಾಗ ದೋಣಿಯನ್ನು ಹೊತ್ತುಕೊಂಡು ಹೋದರೆ ಅದು ಟ್ರೆಕ್ಕಿಂಗ್, ಟಿಕೆಟು ಬೇರೆ.

ಉಳಿದ ಬಿರುದಾಂಕಿತರೂ ಕ್ಷೇಮ. ಜಿಲ್ಲಾ ಪಕ್ಷಿ ಬಿಳಿಹೊಟ್ಟೆಯ ಕಡಲ ಹದ್ದು ಗೂಡು ಕಟ್ಟುವುದು ಎತ್ತರದ ಮರದಲ್ಲಿ; ಹೆದ್ದಾರಿ 66 ಅಗಲವಾಗುವಾಗ ಮರಗಳೇ ಬದಿಗೆ ಸರಿದು ದಾರಿ ಬಿಟ್ಟವು. ಜಿಲ್ಲಾ ಹೂವು ಪೆರಿಯ ಕಡೆಯ ತೋಡಿನಲ್ಲಿ ಅರಳುವ ಲಿಲ್ಲಿ, ಸುತ್ತಲಿನ ಮುರಕಲ್ಲಿಗೆ ಕಲ್ಲುಕೋರೆಯವರ ಬೇಡಿಕೆ. ಜಿಲ್ಲಾ ಮರ ಕಾಸರಕ, ಬೀಜವೇ ವಿಷ. ನನ್ನ ಲೆಕ್ಕದಲ್ಲಿ ನಾಲ್ವರಲ್ಲಿ ಆತ್ಮರಕ್ಷಣೆಯ ವ್ಯವಸ್ಥೆ ಇರುವುದು ಇದಕ್ಕೊಂದೇ. ಆನೆಗಳಿಗೆ ಬಿರುದು ಸಿಗಲಿಲ್ಲ. ಕಾರಡ್ಕ, ಮುಳ್ಳೇರಿಯ ಕಡೆ ಕರ್ನಾಟಕದ ಕಾಡಿನಿಂದ ಟಿಕೆಟಿಲ್ಲದೆ ಬಂದು ಬಾಳೆ, ಕಂಗು ಮುಗಿಸಿ ಹೋಗುತ್ತವೆ, ಪ್ರವಾಸಿಗರೆಂದರೆ ನಿಜಕ್ಕೂ ಅವೇ.

ಮೊನ್ನೆ ಹೊಳೆಬದಿಯ ಚಾದಂಗಡಿಯಲ್ಲಿ ಬೆಂಗಳೂರಿನ ಒಂದು ಸಂಸಾರ ಇಳಿಯಿತು. ಕೊರಳಲ್ಲಿ ಕ್ಯಾಮರಾ, ಮಕ್ಕಳ ತಲೆಯಲ್ಲಿ ಟೊಪ್ಪಿ.

"ಇಲ್ಲಿ ದೊಡ್ಡ ಆಮೆ ಇದೆಯಂತಲ್ಲ, ಎಷ್ಟು ಗಂಟೆಗೆ ನೋಡಬಹುದು?"

ಅಂಗಡಿಯ ಮಮ್ಮದೆ ಬ್ಯಾರಿ ಗ್ಲಾಸು ತೊಳೆಯುವುದನ್ನು ನಿಲ್ಲಿಸಲಿಲ್ಲ. "ಗಂಟೆ ಅಂತ ಇಲ್ಲ ಸಾರ್. ಹೊಯ್ಗೆ ಇದ್ದಲ್ಲಿ ಅದು ಇರ್ತದೆ."

"ಹೊಯ್ಗೆ ಎಲ್ಲಿದೆ?"

"ಅದು ನಮಗೆ ಗೊತ್ತಿಲ್ಲ. ರಾತ್ರಿ ಒಂದು ಗಂಟೆಗೆ ಇಲ್ಲೇ ನಿಂತರೆ ಟಿಪ್ಪರಿನವರು ಸಿಗ್ತಾರೆ, ಅವರ ಹತ್ರ ಕೇಳಿ."